ಬಿಟ್ಟು ಬಂದವರನ್ನೂ ಕೇಳಬೇಕು

ಹೊಸ ಧಾರ್ಮಿಕ ಪಂಥಗಳ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ ಲೇಖನಕ್ಕೆ ತಿಪಟೂರಿನ ಓದುಗರೊಬ್ಬರು ಸಿಟ್ಟಾಗಿ ಬರೆದಿದ್ದಾರೆ: ‘ಹಳೆಯ ಮಠಗಳನ್ನು ಬಿಟ್ಟು ಹೊಸಬರನ್ನೇ ಏಕೆ ಟೀಕಿಸುತ್ತೀರಿ? ನಮ್ಮ ಗುರುಗಳಿಂದ ನಾನು ಕುಡಿತ ಬಿಟ್ಟೆ. ದೂರುವವರೆಲ್ಲ ಪಂಥ ತೊರೆದುಹೋದ ಹೊಟ್ಟೆಕಿಚ್ಚಿನವರು.’

ಮಾನ್ಯರೇ,

ನೀವು ಕುಡಿತ ಬಿಟ್ಟದ್ದು ದೊಡ್ಡ ಮಾತು. ಯಾವ ಟೀಕೆಯೂ ಅದನ್ನು ಸಣ್ಣದು ಮಾಡಲಾರದು. ಹೊಸದೆಂಬ ಕಾರಣಕ್ಕೇ ಒಂದು ಪಂಥವನ್ನು ಹಳಿಯುವುದೂ ಸಲ್ಲದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ದಾರಿಯೂ ಹೊಸದೇ ಆಗಿತ್ತು. ಉಡುಗೆ, ಜಪ, ಊಟದ ನೇಮಗಳನ್ನು ಗೇಲಿ ಮಾಡುವ ಬರಹಗಳನ್ನು ನಾವು ಅಚ್ಚು ಹಾಕುವುದಿಲ್ಲ. ಧಾರ್ಮಿಕ ಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿ ನಿಮ್ಮ ಗುರುಗಳಿಗೂ ಅನ್ವಯಿಸುತ್ತದೆ.

ಆದರೆ ತೊರೆದವರ ಬಗ್ಗೆ ನೀವು ಬರೆದ ಸಾಲನ್ನು ನಾನು ಒಪ್ಪಲಾರೆ. ಕಾಣಿಕೆಯ ಹಣ ಎಲ್ಲಿಗೆ ಹೋಗುತ್ತದೆ, ಎದುರು ಮಾತನಾಡಿದವರಿಗೆ ಏನಾಗುತ್ತದೆ ಎಂಬುದು ಒಳಗಿದ್ದು ಬಂದವರಿಗಲ್ಲದೆ ಇನ್ನಾರಿಗೆ ಗೊತ್ತು? ಅಮೆರಿಕದ ಜಿಮ್ ಜೋನ್ಸ್‌ನ ಪೀಪಲ್ಸ್ ಟೆಂಪಲ್ ಎಂಬ ಪಂಥ ಬಡವರಿಗೆ ಅನ್ನ ಹಾಕುತ್ತಿತ್ತು. ಕರಿಯರನ್ನೂ ಬಿಳಿಯರನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತಿತ್ತು. ರಾಜಕಾರಣಿಗಳು ಹೊಗಳಿದರು. ಬಿಟ್ಟು ಬಂದವರೂ ಒಳಗಿದ್ದವರ ಬಂಧುಗಳೂ ಮಾತ್ರ ದೂರುತ್ತಲೇ ಇದ್ದರು. ಆ ದೂರಿನ ಬೆನ್ನು ಹತ್ತಿ, ಪಂಥ ನೆಲೆಯೂರಿದ್ದ ದಕ್ಷಿಣ ಅಮೆರಿಕದ ಗಯಾನಾದ ಕಾಡಿಗೆ ಹೋದ ಸಂಸದ ಲಿಯೋ ರಯಾನ್ ಅವರನ್ನು 1978ರ ನವೆಂಬರ್ 18ರಂದು ಗುಂಡಿಕ್ಕಿ ಕೊಂದರು. ಅದೇ ದಿನ, ಪಂಥ ಅಲ್ಲಿ ಕಟ್ಟಿಕೊಂಡಿದ್ದ ಜೋನ್ಸ್‌ಟೌನ್‌ನಲ್ಲಿ 900ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಸಯನೈಡ್‌ನಿಂದ. ಅವರಲ್ಲಿ ಸುಮಾರು 300 ಮಕ್ಕಳಿದ್ದರು. ಆ ಮಕ್ಕಳಿಗೆ ಯಾವ ಆಯ್ಕೆಯಿತ್ತು?

ಜಪಾನಿನ ಓಂ ಶಿನ್ರಿಕ್ಯೊ ಮೊದಲಾದದ್ದು ಯೋಗ ತರಗತಿಯಾಗಿ. ಅದರ ಅನುಯಾಯಿಗಳ ಹೆತ್ತವರ ಪರ ನಿಂತ ವಕೀಲ ಸಕಾಮೊಟೊ ಅವರನ್ನು 1989ರಲ್ಲಿ ಹೆಂಡತಿ, ಹಸುಗೂಸಿನ ಸಮೇತ ಕೊಂದು ಹೂಳಿದರು. ಶವಗಳು ಸಿಕ್ಕಿದ್ದು 1995ರಲ್ಲಿ, ಟೋಕಿಯೊದ ಸುರಂಗ ರೈಲುಗಳಲ್ಲಿ ಆ ಪಂಥ ಸಾರಿನ್ ವಿಷಾನಿಲ ಹರಡಿದ ಮೇಲೆ.

ನಿಮ್ಮ ಸತ್ಸಂಗ ಅಂಥದ್ದೆಂದು ನಾನು ಹೇಳುತ್ತಿಲ್ಲ. ಹೆಚ್ಚಿನ ಪಂಥಗಳು ಅಲ್ಲಿಗೆ ತಲುಪುವುದೇ ಇಲ್ಲ.

ಹಳೆಯ ಮಠಗಳಲ್ಲಿ ತಪ್ಪು ನಡೆದರೆ ಅದನ್ನೂ ಬರೆಯಬೇಕು, ಬರೆಯುತ್ತೇವೆ. ವ್ಯತ್ಯಾಸ ಇಷ್ಟೇ: ಅಲ್ಲಿ ಊರಿನ ಹಿರಿಯರು, ಭಕ್ತರ ಸಭೆ, ಹಿಂದಿನ ಸ್ವಾಮಿಗಳು ಹಾಕಿಕೊಟ್ಟ ಪದ್ಧತಿ ಎಂದು ನಾಲ್ಕಾರು ತಡೆಗಳಿರುತ್ತವೆ. ಸ್ಥಾಪಕರು ಇನ್ನೂ ಪೀಠದಲ್ಲಿರುವ ಪಂಥದಲ್ಲಿ ಅನೇಕ ವೇಳೆ ಅವರ ಮಾತೇ ಕೊನೆ.

ಪ್ರಶ್ನಿಸುವುದು ನಮ್ಮ ಸೀಮೆಗೂ ಹೊಸತಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಪರೀಕ್ಷೆಗೆ ಒಪ್ಪಬೇಕೆಂದು ಸತ್ಯಸಾಯಿ ಬಾಬಾ ಅವರಿಗೇ ಪತ್ರ ಬರೆದರು. ಒಪ್ಪಿಗೆ ಸಿಗಲಿಲ್ಲ. ಅಂಥ ಪ್ರಶ್ನೆಯನ್ನು ದ್ವೇಷವೆನ್ನುವುದು ಅನ್ಯಾಯ.

ನಿಮ್ಮ ಪತ್ರವನ್ನು ಮುಂದಿನ ಸಂಚಿಕೆಯಲ್ಲಿ ಇಡಿಯಾಗಿ ಪ್ರಕಟಿಸುತ್ತೇವೆ. ಅದರ ಜೊತೆಗೆ ಎರಡು ವಿಷಯ ಬರೆದು ಕಳುಹಿಸಿ: ನಿಮ್ಮ ಸತ್ಸಂಗದ ಲೆಕ್ಕಪತ್ರವನ್ನು ಸಾಮಾನ್ಯ ಭಕ್ತರು ನೋಡಬಹುದೇ? ಬಿಟ್ಟು ಹೋದವರು ಎದುರಾದರೆ ನೀವೆಲ್ಲ ಮಾತನಾಡಿಸುತ್ತೀರಾ?

– ಸಂಪಾದಕ