ಹಳೇ ಪದ್ಮಿನಿಗೆ ಹಿಂದಿನ ಸೀಟಿನ ಬೆಲ್ಟು

ಪ್ರಶ್ನೆ: ನಮ್ಮ ತಂದೆ 1978ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಇನ್ನೂ ಮನೆಯಲ್ಲಿದೆ, ವಾರಕ್ಕೊಮ್ಮೆ ಓಡಿಸುತ್ತೇನೆ. ಮುಂದಿನ ಸೀಟಿಗೆ ಯಾವಾಗಲೋ ಬೆಲ್ಟು ಹಾಕಿಸಿದ್ದಾರೆ, ಹಿಂದೆ ಏನೂ ಇಲ್ಲ. ಮಗಳು ಮಕ್ಕಳನ್ನು ಕರೆದುಕೊಂಡು ರಜೆಗೆ ಬಂದರೆ (ಒಬ್ಬನಿಗೆ ಐದು, ಇನ್ನೊಬ್ಬಳಿಗೆ ಒಂಬತ್ತು) ‘ಬೆಲ್ಟಿಲ್ಲದ ಕಾರಲ್ಲಿ ಮಕ್ಕಳನ್ನ ಕೂರಿಸಲ್ಲ ಅಪ್ಪಾ’ ಅಂತಾಳೆ. ಸೀಟ್ ಕವರ್ ಅಂಗಡಿಯವರು ಒಂದು ಗಂಟೆ ಕೆಲಸ ಸರ್ ಅಂದಿದ್ದಾರೆ. ಹಾಕಿಸಬಹುದಾ? ಪೊಲೀಸರು, ಆರ್‌ಟಿಒ ಏನಾದರೂ ಅಂತಾರಾ? ಕಾರಿನ ಬಾಡಿಯಲ್ಲಿ ತೂತು ಕೊರೆಯೋದಕ್ಕೆ ಮಾತ್ರ ಮನಸ್ಸು ಬರುತ್ತಿಲ್ಲ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮಗಳು ಹೇಳಿದ್ದು ಸರಿ, ಅಂಗಡಿಯವರು ಹೇಳಿದ್ದು ತಪ್ಪು. ಇದು ಒಂದು ಗಂಟೆಯ ಕೆಲಸ ಅಲ್ಲ, ಸೀಟ್ ಕವರ್ ಅಂಗಡಿಯ ಕೆಲಸ ಅಂತೂ ಅಲ್ಲವೇ ಅಲ್ಲ.

ನಮ್ಮ ಚಿಕ್ಕಪ್ಪನ ಅಂಬಾಸಡರ್‌ಗೆ ಹೀಗೇ ಒಂದು ಅಂಗಡಿಯಲ್ಲಿ ಬೆಲ್ಟು ಹಾಕಿಸಿದ್ದರು. ನೋಡೋಕೆ ಚೆನ್ನಾಗಿತ್ತು, ಬಕಲ್ಲು ಟಕ್ ಅಂತ ಕೂರುತ್ತಿತ್ತು. ಒಂದು ದಿನ ನಾನು ಸೀಟು ಎತ್ತಿ, ಪಟ್ಟಿ ಹಿಡಿದು ಜೋರಾಗಿ ಎಳೆದೆ. ಬೋಲ್ಟಿನ ಸುತ್ತ ತಗಡು ಹಪ್ಪಳದ ಹಾಗೆ ಬಾಗಿ ಬಂತು. ಕೆಳಗೆ ಹಾಕಿದ್ದು ಎಂಟಾಣೆ ಅಗಲದ ಒಂದು ವಾಷರ್, ಅಷ್ಟೇ. ನನ್ನ ಒಂದು ಕೈಯ ಎಳೆತ ತಡೆಯದ ಬೆಲ್ಟನ್ನು ಎರಡು ವರ್ಷ ನಂಬಿಕೊಂಡು ಇಡೀ ಮನೆ ಮಂದಿ ಓಡಾಡಿದ್ದೆವು.

ಅಪಘಾತದಲ್ಲಿ ಎಷ್ಟು ಎಳೆತ ಬೀಳುತ್ತೆ ಅಂತ ಒಂದು ಸುಮಾರು ಲೆಕ್ಕ ಹಾಕೋಣ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಕಾರು ಏನಕ್ಕೋ ಗುದ್ದಿ, ಮೂತಿ ನುಜ್ಜಾಗಿ ಅರ್ಧ ಮೀಟರ್‌ನೊಳಗೆ ನಿಂತಿತು ಅಂದುಕೊಳ್ಳಿ. 60 ಕೆಜಿಯ ಮನುಷ್ಯನನ್ನು ಹಿಡಿದು ನಿಲ್ಲಿಸೋಕೆ ಸುಮಾರು 1200 ಕೆಜಿಯಷ್ಟು ಬಲ ಬೇಕು. ನಿಮ್ಮ ಪದ್ಮಿನಿಯ ತೂಕವೇ ಸುಮಾರು 900 ಕೆಜಿ. ಅಂದರೆ ಕಾರನ್ನೇ ಎತ್ತಿ ಆ ಬೆಲ್ಟಿಗೆ ನೇತು ಹಾಕಿದರೂ ತಡೆಯಬೇಕು. ಕಾರು ಕಂಪನಿಗಳು ಮೂರು ಪಾಯಿಂಟಿನ ಬೆಲ್ಟಿನ (ಸೊಂಟದ ಎರಡು ಪಕ್ಕ, ಭುಜದ ಹತ್ತಿರ ಒಂದು ಕಡೆ ಬಿಗಿಯುವ ಬೆಲ್ಟು) ಜಾಗಗಳನ್ನು ಪರೀಕ್ಷೆ ಮಾಡುವಾಗ ಎದೆಯ ಪಟ್ಟಿಗೂ ಸೊಂಟದ ಪಟ್ಟಿಗೂ ತಲಾ 1350 ಕೆಜಿಯಷ್ಟು ಎಳೆತ ಕೊಟ್ಟು ನೋಡುವುದು ಸುಮ್ನೆ ಅಲ್ಲ.

ಹಾಗಾಗಿ ಬೆಲ್ಟಿನ ಬ್ರಾಂಡು ಆಮೇಲೆ, ಮೊದಲು ತಗಡು ನೋಡಿ. ಪದ್ಮಿನಿಗೆ ಲಾರಿಯ ಥರ ಬೇರೆ ಚಾಸಿ ಇಲ್ಲ, ಬಾಡಿಯೇ ಎಲ್ಲ ಭಾರ ಹೊರುತ್ತೆ. ಹಿಂದಿನ ಸೀಟು ಎತ್ತಿ, ಮ್ಯಾಟು, ಹಳೇ ಟಾರ್ ಪದರ ಎಲ್ಲ ಕಿತ್ತು, ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ನಿಮ್ಮದು ಮಲೆನಾಡಿನ ಮಳೆ ಕಂಡ ಗಾಡಿ, ತುಕ್ಕು ಇಲ್ಲದೇ ಇದ್ದರೇ ಆಶ್ಚರ್ಯ. ತುಕ್ಕಿದ್ದರೆ ಮೊದಲು ಟಿಂಕರಿಂಗ್ ಮಾಡುವವರ ಹತ್ತಿರ ಆ ಭಾಗ ಕತ್ತರಿಸಿ ಹೊಸ ತಗಡು ಬೆಸೆಸಿ. ತೂತು ಆಮೇಲಿನ ಮಾತು.

ಬೋಲ್ಟಿನ ವಿಚಾರ. ಸೀಟ್ ಬೆಲ್ಟಿಗೆ ಪ್ರಪಂಚದ ಬಹುಪಾಲು ಕಾರುಗಳಲ್ಲಿ ಬಳಸುವುದು 7/16 ಇಂಚಿನ, ಇಂಚಿಗೆ 20 ಸುತ್ತಿನ ಯುಎನ್‌ಎಫ್ (ಒತ್ತೊತ್ತಾದ ಸುತ್ತಿನ) ಥ್ರೆಡ್ ಬೋಲ್ಟು. ಬೆಲ್ಟಿನ ಜೊತೆಗೇ ಬರುತ್ತೆ. ಬಂದಿಲ್ಲ ಅಂದರೆ ಅಂಗಡಿಯವರು ಕೊಡುವ ಯಾವುದೋ ಮೆತ್ತನೆ ಬೋಲ್ಟು ಹಾಕಿಸಬೇಡಿ. ಬೋಲ್ಟಿನ ತಲೆಯ ಮೇಲೆ 8.8 ಅಥವಾ ಅದಕ್ಕಿಂತ ಜಾಸ್ತಿ ಅಂತ ಗಟ್ಟಿತನದ ಗುರುತು ಇರಲಿ. ತಗಡಿನ ಕೆಳಗೆ 3 ಮಿ.ಮೀ. ದಪ್ಪದ, ಮೂರು ಇಂಚು ಚೌಕದ ಉಕ್ಕಿನ ಪ್ಲೇಟು, ಅದಕ್ಕೆ ನಟ್ಟು ಬೆಸೆದಿರಬೇಕು. ಪ್ಲೇಟಿನ ಮೂಲೆಗಳನ್ನು ದುಂಡಗೆ ಉಜ್ಜಿಸಿ, ಇಲ್ಲದಿದ್ದರೆ ಎಳೆತ ಬಿದ್ದಾಗ ಆ ಚೂಪು ಮೂಲೆಯೇ ತಗಡನ್ನು ಹರಿಯುತ್ತೆ. ಕೊರೆಯುವ ಮುಂಚೆ ಕಾರಿನ ಕೆಳಗೆ ಮಲಗಿ ಒಂದು ಸಲ ನೋಡಿ: ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್ಲು, ಪೆಟ್ರೋಲ್ ಪೈಪು ಎಲ್ಲೆಲ್ಲಿ ಹಾದು ಹೋಗಿವೆ ಅಂತ. ವೆಲ್ಡಿಂಗ್ ಇದ್ದರೆ ಬ್ಯಾಟರಿ ಬಿಚ್ಚಿಸಿ, ಪೆಟ್ರೋಲ್ ಟ್ಯಾಂಕನ್ನು ಗಾಡಿಯಿಂದ ಇಳಿಸಿಯೇ ಬಿಡಿ. ‘ಏನೂ ಆಗಲ್ಲ ಸರ್’ ಅನ್ನುವ ಮೇಸ್ತ್ರಿ ಸಿಕ್ಕರೆ ಬೇರೆ ಮೇಸ್ತ್ರಿ ಹುಡುಕಿ.

ಇನ್ನು ಜಾಗ. ಕೆಳಗಿನ ಎರಡು ಬೋಲ್ಟು ಸೀಟೂ ಒರಗೂ ಸೇರುವ ಮೂಲೆಯ ಹಿಂದೆ, ತಗ್ಗಿನಲ್ಲಿ ಬರಬೇಕು. ಆಗ ಪಟ್ಟಿ ಹೊಟ್ಟೆಗೆ ಏರದೆ ಸೊಂಟದ ಮೂಳೆಯ ಮೇಲೆ ಕೂರುತ್ತೆ. ಕಷ್ಟ ಇರುವುದು ಮೂರನೆಯದರಲ್ಲಿ, ಅಂದರೆ ಭುಜದ ಪಾಯಿಂಟಿನಲ್ಲಿ. ತುಂಬಾ ಜನ ಹಿಂದಿನ ಗಾಜಿನ ಕೆಳಗಿನ ಹಲಗೆಗೆ ಬೋಲ್ಟು ಹಾಕಿ ಮುಗಿಸುತ್ತಾರೆ, ಯಾಕೆಂದರೆ ಡಿಕ್ಕಿಯೊಳಗಿಂದ ಕೈ ಹಾಕಿದರೆ ಸಿಗುತ್ತೆ, ಸುಲಭ. ಆದರೆ ಆ ತಗಡು ತೆಳು. ಜೊತೆಗೆ ಈ ಹಳೇ ಕಾರುಗಳ ಸೀಟಿನ ಒರಗು ಗಿಡ್ಡ, ಹಲಗೆ ದೊಡ್ಡವರ ಭುಜಕ್ಕಿಂತ ಕೆಳಗಿರುತ್ತೆ. ಭುಜದ ಮೇಲಿಂದ ಹಿಂದಕ್ಕೆ ಇಳಿದು ಹೋದ ಪಟ್ಟಿ ಅಪಘಾತದಲ್ಲಿ ಭುಜವನ್ನು ಕೆಳಕ್ಕೆ ಒತ್ತುತ್ತೆ, ಆ ಭಾರ ಪೂರಾ ಬೆನ್ನುಮೂಳೆಗೆ. ಅದಕ್ಕೇ ನನ್ನ ಓಟು ಹಿಂದಿನ ಗಾಜಿನ ಪಕ್ಕದ ಕಂಬಕ್ಕೆ. ಭುಜಕ್ಕಿಂತ ಸ್ವಲ್ಪ ಮೇಲೆ, ಒಳಗೆ ಪ್ಲೇಟು ಬೆಸೆದು. ಒಳಗಿನ ಬಟ್ಟೆ ಬಿಚ್ಚಬೇಕು, ಪೇಂಟು ಸುಡುತ್ತೆ, ಖರ್ಚು ಜಾಸ್ತಿ ಆಗುತ್ತೆ. ಆಗಲಿ.

ತಾನಾಗಿ ಸುತ್ತಿಕೊಳ್ಳುವ ರೀಲಿನ ಬೆಲ್ಟು ತಗೊಂಡರೆ ಒಂದು ಎಚ್ಚರ. ರೀಲಿನೊಳಗೆ ಗಾಡಿ ಗಕ್ಕನೆ ನಿಂತರೆ ಲಾಕ್ ಮಾಡುವ ಒಂದು ಗುಂಡು ಇರುತ್ತೆ. ರೀಲನ್ನು ಕಂಪನಿ ಹೇಳಿದ ಕೋನದಲ್ಲೇ ಕೂರಿಸಬೇಕು. ಓರೆಯಾದರೆ ಪಟ್ಟಿ ಈಚೆಗೇ ಬರಲ್ಲ, ಅಥವಾ ಬೇಕಾದಾಗ ಲಾಕೇ ಆಗಲ್ಲ. ಕಂಬಕ್ಕೆ ಬೇರೆ ಕೋನದ ರೀಲು, ಹಲಗೆಗೆ ಬೇರೆ. ಕೊಳ್ಳುವಾಗಲೇ ಕೇಳಿ.

ಮಕ್ಕಳ ವಿಚಾರಕ್ಕೆ ಬರೋಣ. ಐದು ವರ್ಷದವನಿಗೆ ಬರೀ ಬೆಲ್ಟು ಸಾಲದು, ಪಟ್ಟಿ ಕುತ್ತಿಗೆಗೆ ಬರುತ್ತೆ. ಒರಗು ಇರುವ ಬೂಸ್ಟರ್ ಸೀಟು (ಬೆಲ್ಟು ಸರಿಯಾಗಿ ಕೂರುವ ಹಾಗೆ ಮಕ್ಕಳನ್ನು ಎತ್ತರಿಸುವ ಸೀಟು) ಬೇಕು. ನಿಮ್ಮ ಕಾರಲ್ಲಿ ಹಿಂದೆ ಹೆಡ್‌ರೆಸ್ಟ್ ಇಲ್ಲದ್ದರಿಂದ ತಲೆಗೂ ಅದೇ ಆಸರೆ. ಒಂಬತ್ತರವಳಿಗೆ ಎತ್ತರ ಅಳೆದು ನೋಡಿ, 150 ಸೆಂ.ಮೀ. ಆಗುವ ತನಕ ಅವಳಿಗೂ ಬೂಸ್ಟರ್ ಒಳ್ಳೆಯದು. ಬೂಸ್ಟರನ್ನು ಮೂರು ಪಾಯಿಂಟಿನ ಬೆಲ್ಟಿನ ಜೊತೆಗೇ ಬಳಸಬೇಕು, ಬರೀ ಸೊಂಟದ ಪಟ್ಟಿಗೆ ಕಟ್ಟಬಾರದು.

ಪೊಲೀಸರ ಪ್ರಶ್ನೆ. 2022ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಕಾರು ಅಪಘಾತದಲ್ಲಿ, ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕೂತಿದ್ದ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ತೀರಿಕೊಂಡ ಮೇಲೆ ದೇಶದಲ್ಲೆಲ್ಲ ಈ ಮಾತು ಜೋರಾಯಿತು, ಹಿಂದೆ ಕೂತವರೂ ಬೆಲ್ಟು ಹಾಕಬೇಕು ಅಂತ ಮುಂದಿನ ತಿಂಗಳೇ ಕರ್ನಾಟಕದಲ್ಲೂ ಸುತ್ತೋಲೆ ಬಂತು. ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್‌ನಲ್ಲಿ ದಂಡ 1000 ರೂಪಾಯಿ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟಿಲ್ಲದೆ ಕರೆದೊಯ್ದರೂ ಅಷ್ಟೇ. ಆದರೆ ಬೆಲ್ಟು ಹಾಕಿಕೊಳ್ಳಬೇಕು ಅನ್ನುವ ನಿಯಮ ಇರುವುದು, ಕಾನೂನಿನ ಪ್ರಕಾರ ಬೆಲ್ಟು ಕೊಟ್ಟು ಮಾರಿದ ಗಾಡಿಗಳಿಗೆ. 1978ರ ಗಾಡಿಗೆ ಅಂಥ ಕಾನೂನೇ ಇರಲಿಲ್ಲ. ರಸ್ತೆಯಲ್ಲಿ ನಿಂತು ಇದನ್ನು ವಾದಿಸೋಕೆ ನಿಮಗೆ ತಾಳ್ಮೆ ಇದೆಯಾ ಅನ್ನೋದು ಬೇರೆ ಮಾತು.

ತೂತಿನ ಸಂಕಟ ನನಗೂ ಅರ್ಥ ಆಗುತ್ತೆ. 2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ (ಹಳೇ ಕಾಲದ ಗಾಡಿ ಅನ್ನುವ) ನೋಂದಣಿ ಸಿಗುತ್ತೆ, ನಿಮ್ಮದಕ್ಕೆ 2028ಕ್ಕೆ 50 ತುಂಬುತ್ತೆ. ಆದರೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು ಅನ್ನುವ ಷರತ್ತಿದೆ. ನಾಲ್ಕಾರು ಬೋಲ್ಟಿನ ತೂತು ಅಂಥ ಬದಲಾವಣೆ ಅಂತ ನನಗೆ ಅನಿಸಲ್ಲ, ಆದರೂ ಆ ಆಸೆ ಇದ್ದರೆ ಕೊರೆಸುವ ಮುಂಚೆ ಆರ್‌ಟಿಒದಲ್ಲಿ ಕೇಳಿ, ಫೋಟೋ ತೆಗೆದಿಟ್ಟುಕೊಳ್ಳಿ. ಹಾಗೆ ನೋಂದಣಿ ಆದ ಗಾಡಿಯನ್ನು ದಿನಬಳಕೆಗೆ ಓಡಿಸುವ ಹಾಗಿಲ್ಲ, ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸೋದು, ಅಷ್ಟೇ. ಮೊಮ್ಮಕ್ಕಳನ್ನು ಕೂರಿಸಿಕೊಂಡು ಸುತ್ತೋದು ನಿಮ್ಮ ಆಸೆ ಅಲ್ವಾ? ಹಾಗಾದರೆ ನಾನಾಗಿದ್ದರೆ ಕೊರೆಸುತ್ತಿದ್ದೆ.

ಪ್ರಶ್ನೆ: ನಮ್ಮ ಅಂಬಾಸಡರ್‌ನಲ್ಲಿ ಹಿಂದೆ ಮೂವರು ಕೂರುತ್ತೇವೆ. ನಡುವಿನವರಿಗೆ ಏನು ಮಾಡೋದು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಡುವಿನವರಿಗೆ ಮೇಲಿನ ಪಾಯಿಂಟಿಗೆ ಗಟ್ಟಿ ಜಾಗ ಇಲ್ಲ, ಸೊಂಟದ ಪಟ್ಟಿ ಮಾತ್ರ ಸಾಧ್ಯ. ಏನೂ ಇಲ್ಲದ್ದಕ್ಕಿಂತ ವಾಸಿ, ಆದರೆ ಮೈ ಸೊಂಟದಲ್ಲಿ ಮಡಚಿ ತಲೆ ಮುಂದಿನ ಸೀಟಿಗೆ ಬಡಿಯಬಹುದು, ಪಟ್ಟಿ ಸಡಿಲ ಇದ್ದರೆ ಹೊಟ್ಟೆಗೂ ಬೆನ್ನುಮೂಳೆಗೂ ಪೆಟ್ಟು. ಬಿಗಿಯಾಗಿ, ತೊಡೆಯ ಬುಡಕ್ಕೆ ಬರುವ ಹಾಗೆ ಕಟ್ಟಿಕೊಳ್ಳಿ. ದೂರದ ಪ್ರಯಾಣಕ್ಕೆ ಹಿಂದೆ ಇಬ್ಬರೇ ಕೂರಿ.

ಪ್ರಶ್ನೆ: ಗುಜರಿಯಲ್ಲಿ ಹೊಸ ಕಾರುಗಳ ಬೆಲ್ಟು ಅಗ್ಗಕ್ಕೆ ಸಿಗುತ್ತೆ. ತಗೋಬಹುದಾ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಬೇಡ. ಗುಜರಿಗೆ ಬಂದ ಹೊಸ ಕಾರು ಅಂದರೆ ಹೆಚ್ಚಿನಂಶ ಗುದ್ದಿದ ಕಾರು. ಒಮ್ಮೆ ಜೋರಾಗಿ ಎಳೆತ ತಿಂದ ಪಟ್ಟಿಯ ನೂಲು ಹಿಗ್ಗಿರುತ್ತೆ, ಕಣ್ಣಿಗೆ ಕಾಣಲ್ಲ. ಶಿವಾಜಿನಗರದಲ್ಲಿ ಹಾರ್ನು, ಹಬ್‌ಕ್ಯಾಪು ಬೇಕಾದಷ್ಟು ಹುಡುಕಿ, ನಾನೂ ಹುಡುಕುತ್ತೇನೆ. ಬೆಲ್ಟು ಮಾತ್ರ ಜೆ.ಸಿ. ರಸ್ತೆಯಲ್ಲಿ ಹೊಸದೇ ಕೊಳ್ಳಿ, ಪ್ರಮಾಣಪತ್ರದ ಚೀಟಿ ಪಟ್ಟಿಗೇ ಹೊಲಿದಿರಬೇಕು, ಬಕಲ್ಲೂ ಅದರೊಳಗೆ ಕೂರುವ ನಾಲಿಗೆಯೂ ಒಂದೇ ಸೆಟ್ಟಿನವಾಗಿರಬೇಕು. ಹಾಕಿಸಿದ ಒಂದು ತಿಂಗಳಿಗೆ ಸೀಟು ಎತ್ತಿ ಬೋಲ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.