ಹಾಡಿನ ಅಂಗಡಿ: ಹಳೆಯ ಪ್ಲೇಟು, ಹತ್ತಿಯ ಊರು

ಹೋದ ಸಂಚಿಕೆಯಲ್ಲಿ 1965 ಮತ್ತು 1966ರ ಇಂಗ್ಲಿಷ್ ಆಲ್ಬಂಗಳ ಬಗ್ಗೆ ಎರಡೇ ಸಾಲು ಬರೆದಿದ್ದೆ. ಈ ತಿಂಗಳ ಪತ್ರಗಳಲ್ಲಿ ಅರ್ಧಕ್ಕರ್ಧ ಅದರ ಬಗ್ಗೆಯೇ ಇವೆ. ನನಗೆ ತುಂಬಾ ಖುಷಿಯಾಗಿದೆ. ಹೊಸ ಓದುಗರಿಗೆ ಒಂದು ಮಾತು: ದಾವಣಗೆರೆಯ ಅಶೋಕ ರಸ್ತೆ ಹತ್ತಿರ ಇಪ್ಪತ್ತೆರಡು ವರ್ಷ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದವನು ನಾನು. ಮೆಡಿಕಲ್ ಕಾಲೇಜಿಗೆ ಹೊರರಾಜ್ಯದಿಂದ ಬಂದ ಹುಡುಗರು ರಜೆ ಮುಗಿಸಿ ಬರುವಾಗ ಮನೆಯಿಂದ ಗ್ರಾಮಫೋನ್ ಪ್ಲೇಟು ತರುತ್ತಿದ್ದರು. ಜೊತೆಗೆ ಒಂದು ಖಾಲಿ ಕ್ಯಾಸೆಟ್ ಕೊಟ್ಟು ಹೋಗುತ್ತಿದ್ದರು. ಅರವತ್ತರ ದಶಕದ ಒಂದು ಆಲ್ಬಂ ಎಂದರೆ ಹೆಚ್ಚುಕಡಿಮೆ 35 ನಿಮಿಷ. 90 ನಿಮಿಷದ ಕ್ಯಾಸೆಟ್ಟಿನ ಒಂದೊಂದು ಬದಿಗೆ ಒಂದೊಂದು ಆಲ್ಬಂ ಸಲೀಸಾಗಿ ಕೂರುತ್ತಿತ್ತು. ರೆಕಾರ್ಡ್ ಆಗುವಷ್ಟು ಹೊತ್ತೂ ಪಕ್ಕದಲ್ಲಿ ಕೂತು ಕೇಳಲೇಬೇಕಿತ್ತು. ಈ ಹಾಡುಗಳನ್ನು ನಾನು ಕಲಿತಿದ್ದು ಹಾಗೆ.

ಪ್ರಶ್ನೆ: ಸರ್, ನಮ್ಮ ತಾತ ಇಂಗ್ಲೆಂಡಿನಿಂದ ತಂದಿದ್ದ ಬೀಟಲ್ಸ್ ಬ್ಯಾಂಡಿನ ‘ರಬ್ಬರ್ ಸೋಲ್’ ಎಲ್‌ಪಿ ಪ್ಲೇಟು ಪೆಟ್ಟಿಗೆಯಲ್ಲಿ ಸಿಕ್ಕಿತು. ಹಾಕಿದರೆ ಹಾಡುವ ದನಿ ಬಲಗಡೆ ಸ್ಪೀಕರಿನಲ್ಲಿ ಮಾತ್ರ ಬರುತ್ತದೆ. ಎಡಗಡೆ ಬರೀ ವಾದ್ಯ. ಪ್ಲೇಯರ್ ಕೆಟ್ಟಿದೆಯಾ?
— ಬಿ.ಇ. ವಿದ್ಯಾರ್ಥಿ, ದಾವಣಗೆರೆ

ಉತ್ತರ: ತಮ್ಮಾ, ಪ್ಲೇಯರ್ ರಿಪೇರಿಗೆ ಕೊಡಬೇಡ. ಅನುಮಾನ ಇದ್ದರೆ ಎರಡು ಸ್ಪೀಕರುಗಳ ವೈರನ್ನು ಅದಲು ಬದಲು ಮಾಡಿ ನೋಡು. ದನಿ ಎಡಗಡೆಗೆ ಬಂದರೆ ಎಲ್ಲ ಸರಿಯಾಗಿದೆ. ಪ್ಲೇಟಿನಲ್ಲಿ ಇರುವುದೇ ಹಾಗೆ.

ಈ ಆಲ್ಬಂ ಬಂದಿದ್ದು 1965ರ ಡಿಸೆಂಬರ್ 3ರಂದು. ಆಗ ಮನೆಗಳಲ್ಲಿ ಇದ್ದಿದ್ದು ಹೆಚ್ಚಾಗಿ ಒಂದೇ ಸ್ಪೀಕರಿನ ಪೆಟ್ಟಿಗೆ. ಹಾಗಾಗಿ ಮೋನೋ ಮಿಕ್ಸಿಂಗಿಗೇ, ಅಂದರೆ ಎಲ್ಲ ಸದ್ದನ್ನೂ ಒಂದಾಗಿ ಬೆರೆಸುವುದಕ್ಕೇ, ಜಾಸ್ತಿ ಹೊತ್ತು, ಜಾಸ್ತಿ ಗಮನ ಕೊಡುತ್ತಿದ್ದರು. ಎರಡು ಸ್ಪೀಕರಿಗೆ ಹಂಚುವ ಸ್ಟೀರಿಯೊ ಆಮೇಲಿನ ಕೆಲಸ. ರೆಕಾರ್ಡಿಂಗ್ ಆಗುತ್ತಿದ್ದಿದ್ದು ನಾಲ್ಕೇ ಟ್ರ್ಯಾಕಿನಲ್ಲಿ, ಅಂದರೆ ಟೇಪಿನ ನಾಲ್ಕು ಸಾಲಿನಲ್ಲಿ. ಅದನ್ನು ಎರಡು ಕಡೆಗೆ ಹಂಚುವಾಗ ದನಿ ಒಂದು ಕಡೆ, ವಾದ್ಯ ಇನ್ನೊಂದು ಕಡೆ ಹೋಯಿತು. 1987ರಲ್ಲಿ ಸಿಡಿ ಮಾಡುವಾಗ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರೇ ಕೂತು ಈ ಆಲ್ಬಂನ ಸ್ಟೀರಿಯೊವನ್ನು ಹೊಸದಾಗಿ ಮಿಕ್ಸ್ ಮಾಡಿದರು.

ನಿನ್ನ ಆಂಪ್ಲಿಫೈಯರಿನಲ್ಲಿ ಮೋನೋ ಬಟನ್ ಇದ್ದರೆ ಒಂದು ಸಲ ಒತ್ತಿ ಕೇಳು. ಆಮೇಲೆ ಅದನ್ನು ತೆಗೆದು, ಬಲಗಡೆ ಸ್ಪೀಕರ್ ಹತ್ತಿರ ಕಿವಿ ಇಟ್ಟು ಬರೀ ದನಿಗಳನ್ನು ಕೇಳು. ಮೂರು ಜನ ಸೇರಿ ಹಾಡುವಾಗ ಒಬ್ಬೊಬ್ಬರೂ ಎಲ್ಲಿ ಉಸಿರು ತಗೊಳ್ಳುತ್ತಾರೆ ಅನ್ನುವುದೂ ಗೊತ್ತಾಗುತ್ತದೆ. ತಾತನ ಪ್ಲೇಟಿನಲ್ಲಿ ಸಿಗುವ ಭಾಗ್ಯ ಅದು. ಇನ್ನೊಂದು ವಿಷಯ. ಇಂಗ್ಲೆಂಡಿನ ಪ್ಲೇಟಿನಲ್ಲಿ 14 ಹಾಡು ಇವೆ, ಅಮೆರಿಕದ್ದರಲ್ಲಿ 12 ಮಾತ್ರ. ನಿನ್ನದರಲ್ಲಿ ಎಣಿಸಿ ನೋಡು.

ಪ್ರಶ್ನೆ: ಬೀಟಲ್ಸ್ ನಮ್ಮ ಸಿತಾರ್ ಬಳಸಿದ್ದು ಯಾವ ಹಾಡಿನಲ್ಲಿ?
— ಓದುಗರು, ಜಗಳೂರು

ಉತ್ತರ: ಮೇಲೆ ಹೇಳಿದ ಆಲ್ಬಂನ ಮೊದಲ ಬದಿಯ ಎರಡನೇ ಹಾಡು, ‘ನಾರ್ವೇಜಿಯನ್ ವುಡ್’. ಎರಡು ನಿಮಿಷದ ಚಿಕ್ಕ ಹಾಡು. ಬಾರಿಸಿದ್ದು ಬ್ಯಾಂಡಿನ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್. ಆಗ ಅವರಿಗೆ ಸಿತಾರ್ ಪಾಠ ಆಗಿರಲಿಲ್ಲ, ಗಿಟಾರಿನ ಕೈಯಲ್ಲೇ ಬಾರಿಸಿದ್ದಾರೆ. 1966ರಲ್ಲಿ ರವಿಶಂಕರ್ ಅವರ ಭೇಟಿಯಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಲಿಯಲೆಂದೇ ಮುಂಬೈಗೆ ಬಂದರು. ಅದೇ ವರ್ಷದ ‘ರಿವಾಲ್ವರ್’ ಆಲ್ಬಂನಲ್ಲಿ ‘ಲವ್ ಯು ಟೂ’ ಕೇಳಿ. ಅದರಲ್ಲಿ ತಬಲಾನೂ ಇದೆ.

ಪ್ರಶ್ನೆ: 1965ರಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದರು ಅಂತ ಜನ ಕೂಗಾಡಿದರಂತೆ. ಗಿಟಾರ್ ಗಿಟಾರೇ ಅಲ್ವಾ? ಅಷ್ಟು ಸಿಟ್ಟು ಯಾಕೆ?
— ನಿವೃತ್ತ ಉಪನ್ಯಾಸಕರು, ಚಿತ್ರದುರ್ಗ

ಉತ್ತರ: ಅದು ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವ, 1965ರ ಜುಲೈ 25. ಅಲ್ಲಿಗೆ ಬಂದಿದ್ದ ಎಷ್ಟೋ ಜನ ಡಿಲನ್ ಅವರನ್ನು ಕರೆಂಟು ಬೇಡದ ಮರದ ಗಿಟಾರ್ ಮತ್ತು ಮೌತ್ ಆರ್ಗನ್ ಜೊತೆಗೇ ಕಂಡವರು. ನ್ಯಾಯ ಕೇಳುವ ಹಾಡುಗಾರ ಅಂತ ಅವರನ್ನು ಹಚ್ಚಿಕೊಂಡಿದ್ದರು. ಅಂಥವರಿಗೆ ಎಲೆಕ್ಟ್ರಿಕ್ ಬ್ಯಾಂಡ್ ಎಂದರೆ ದುಡ್ಡಿನ ಸಂಗೀತ, ಸಿನಿಮಾದ ಸಂಗೀತ ಇದ್ದ ಹಾಗೆ. ತಮ್ಮ ಮನುಷ್ಯ ಕೈಬಿಟ್ಟು ಹೋದ ಅನ್ನಿಸಿತು. ಧ್ವನಿ ವ್ಯವಸ್ಥೆ ಸರಿಯಿರಲಿಲ್ಲ, ಮೂರೇ ಹಾಡಿಗೆ ನಿಲ್ಲಿಸಿದರು, ಅದಕ್ಕೇ ಕೂಗಿದರು ಎನ್ನುವವರೂ ಇದ್ದಾರೆ. ಆಮೇಲೆ ಡಿಲನ್ ಮರದ ಗಿಟಾರ್ ಹಿಡಿದು ವಾಪಸ್ ಬಂದು ಎರಡು ಹಾಡು ಹಾಡಿದರು.

ಸಿಟ್ಟಾದವರು ದಡ್ಡರಲ್ಲ ಸರ್. ಪ್ರೀತಿ ಇದ್ದಿದ್ದಕ್ಕೇ ಸಿಟ್ಟು ಬಂತು. ಆದರೂ ಡಿಲನ್ ಮಾಡಿದ್ದು ಸರಿ ಎಂದೇ ನಾನು ನಂಬಿದ್ದೇನೆ. ಅದಕ್ಕೆ ನನ್ನ ಸಾಕ್ಷಿ, ಐದು ವಾರದ ಮೇಲೆ ಬಂದ ಅವರ ಆಲ್ಬಂ, ‘ಹೈವೇ 61 ರೀವಿಸಿಟೆಡ್’. ಅದು ನಿಜವಾದ ಒಂದು ರಸ್ತೆಯ ಹೆಸರು. ಡಿಲನ್ ಹುಟ್ಟಿದ ಡುಲುತ್ ಊರನ್ನು ಹಾದು, ತೆಂಕಣಕ್ಕೆ ಇಳಿದು, ಮಿಸಿಸಿಪಿಯ ಹತ್ತಿ ಹೊಲಗಳ ನಡುವೆ ಹೋಗುತ್ತಿತ್ತು. ಪುಣೆ–ಬೆಂಗಳೂರು ರಸ್ತೆ ನಿಮ್ಮ ಊರು, ನಮ್ಮ ಊರು ಎರಡನ್ನೂ ಮುಟ್ಟಿಕೊಂಡು ಹೋಗುತ್ತದಲ್ಲ, ಹಾಗೆ. ಬ್ಲೂಸ್ ಎಂದರೆ ಅಮೆರಿಕದ ಕರಿಯರ ಹಾಡು. ಎಲೆಕ್ಟ್ರಿಕ್ ಗಿಟಾರಿನ ಬ್ಲೂಸ್ ಆ ರಸ್ತೆಯ ಜನರ ಸಂಗೀತವೇ. ಡಿಲನ್ ಅದನ್ನು ಬಿಟ್ಟು ಹೋಗಲಿಲ್ಲ, ಅದರ ಕಡೆಗೆ ಹೋದರು.

ಮೊದಲ ಹಾಡೇ ಆರು ನಿಮಿಷದ ಮೇಲಿದೆ. ಆಗ ರೇಡಿಯೊಗೆ ಮೂರು ನಿಮಿಷದ ಹಾಡೇ ವಾಡಿಕೆ. ಅದರಲ್ಲಿ ಆರ್ಗನ್ ನುಡಿಸಿದ ಆಲ್ ಕೂಪರ್ ಗಿಟಾರ್ ವಾದಕ. ಇಪ್ಪತ್ತೊಂದು ವರ್ಷದ ಹುಡುಗ, ಸುಮ್ನೆ ನೋಡಲು ಬಂದಿದ್ದವರು. ಖಾಲಿ ಇದ್ದ ಆರ್ಗನ್ ಮುಂದೆ ಹೋಗಿ ಕೂತರು. ಉಳಿದವರು ಯಾವ ಸ್ವರಕ್ಕೆ ಹೋಗುತ್ತಾರೆ ಎಂದು ಕೇಳಿಕೊಂಡು, ಒಂದು ಚೂರು ತಡವಾಗಿ ಒತ್ತುತ್ತಾರೆ. ಗಮನವಿಟ್ಟು ಕೇಳಿ, ಆ ತಡ ಸಿಗುತ್ತದೆ. ನನಗೆ ಅದು ತುಂಬಾ ಇಷ್ಟ. ಕೊನೆಯ ಹಾಡು 11 ನಿಮಿಷದ್ದು. ಅದರಲ್ಲಿ ಮತ್ತೆ ಮರದ ಗಿಟಾರೇ!

ಪ್ರಶ್ನೆ: ಹಳೆಯ ಪ್ಲೇಟುಗಳಿಗೆ ಬೂಷ್ಟು ಹಿಡಿದಿದೆ. ಸ್ಪಿರಿಟ್ ಹಾಕಿ ಒರೆಸಬಹುದಾ?
— ಓದುಗರು, ಹೊನ್ನಾಳಿ

ಉತ್ತರ: ಮೊದಲು ಯಾವ ಪ್ಲೇಟು ನೋಡಿ. ನಿಮಿಷಕ್ಕೆ 78 ಸುತ್ತಿನ ಹಳೆಯದಾದರೆ ಅದು ಅರಗಿನದು. ಸ್ಪಿರಿಟ್ ಬಿದ್ದರೆ ಅರಗು ಕರಗುತ್ತದೆ, ಹಾಡು ಹೋಯಿತು ಅಂತಲೇ ಲೆಕ್ಕ. ಎಲ್‌ಪಿ ಆದರೆ ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ತೊಟ್ಟು ಹಾಕಿ, ಮೆತ್ತಗಿನ ಬಟ್ಟೆಯಲ್ಲಿ ಗೆರೆ ಸುತ್ತುವ ದಿಕ್ಕಿನಲ್ಲೇ ಒರೆಸಿ. ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ಒರೆಸಿ, ನೆರಳಿನಲ್ಲಿ ಒಣಗಿಸಿ. ನಡುವಿನ ಚೀಟಿ ನೆನೆಯಬಾರದು. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಕಿಟಕಿ ಪಕ್ಕ ಒಂದು ಮಧ್ಯಾಹ್ನ ಇಟ್ಟರೂ ಸಾಕು, ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಗಿರಾಕಿಯೊಬ್ಬರ ಪ್ಲೇಟು ನನ್ನ ಅಂಗಡಿಯಲ್ಲೇ ಹಾಗೆ ಹಾಳಾಯಿತು. ಅವರು ಏನೂ ಅನ್ನಲಿಲ್ಲ. ನನಗೆ ಇವತ್ತಿಗೂ ಸಂಕಟವಿದೆ.

ಪ್ರಶ್ನೆ: ಅಣ್ಣಾ, ಸೋಲ್ ಸಂಗೀತ ಕೇಳಲು ಶುರು ಮಾಡಬೇಕು. ಒಂದೇ ಒಂದು ಆಲ್ಬಂ ಹೇಳಿ.
— ಆಟೊ ಚಾಲಕ, ಹರಿಹರ

ಉತ್ತರ: ಸೋಲ್ ಎಂದರೆ ಅಮೆರಿಕದ ಕರಿಯರು ಎದೆ ತುಂಬಿ ಹಾಡುವ ಸಂಗೀತ. ಅದಕ್ಕೆ ಓಟಿಸ್ ರೆಡ್ಡಿಂಗ್ ಅವರ ‘ಓಟಿಸ್ ಬ್ಲೂ’. 1965ರ ಸೆಪ್ಟೆಂಬರಿನದು. ಬೇರೆ ಯೋಚನೆಯೇ ಬೇಡ.

ಇದನ್ನು ರೆಕಾರ್ಡ್ ಮಾಡಿದ್ದು ಅಮೆರಿಕದ ಮೆಂಫಿಸ್ ಊರಿನ ಸ್ಟ್ಯಾಕ್ಸ್ ಸ್ಟುಡಿಯೊದಲ್ಲಿ. ಅದು ಮೊದಲು ಸಿನಿಮಾ ಟಾಕೀಸ್ ಆಗಿತ್ತು. ಜಿಮ್ ಸ್ಟೀವರ್ಟ್ ಮತ್ತು ಅವರ ಅಕ್ಕ ಎಸ್ಟೆಲ್ ಆಕ್ಸ್‌ಟನ್ ಅದನ್ನು ಬಾಡಿಗೆಗೆ ಹಿಡಿದು, ಕುರ್ಚಿ ಕಿತ್ತು ಸ್ಟುಡಿಯೊ ಮಾಡಿದರು. ಇಬ್ಬರ ಹೆಸರಿನ ಮೊದಲಕ್ಷರ ಸೇರಿಸಿದ್ದೇ ಸ್ಟ್ಯಾಕ್ಸ್. ಇಂಟರ್ವೆಲ್‌ನಲ್ಲಿ ತಿಂಡಿ ಮಾರುತ್ತಿದ್ದ ಕಡೆ ರೆಕಾರ್ಡ್ ಅಂಗಡಿ ಇಟ್ಟರು. ಪರದೆ ಕಡೆಗೆ ಇಳಿಜಾರಾಗಿದ್ದ ನೆಲವನ್ನು ಮಾತ್ರ ಹಾಗೇ ಬಿಟ್ಟರು. ಆ ಜಾಗ ಹೇಗಿತ್ತೋ ಹಾಗೆ ಆ ಸದ್ದು ಬಂತು. ನಮ್ಮ ಊರಿನಲ್ಲೂ ಟಾಕೀಸುಗಳು ಮುಚ್ಚಿದವು. ಕೆಲವು ಗೋಡೌನ್ ಆದವು, ಕೆಲವು ಕಲ್ಯಾಣ ಮಂಟಪ. ಖಾಲಿ ಟಾಕೀಸಿನೊಳಗೆ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ಸದ್ದು ಹಿಂದಿನ ಗೋಡೆವರೆಗೂ ಹೋಗಿ ಬರುತ್ತದೆ. ಆ ಆಲ್ಬಂನ ತುತೂರಿಗಳಲ್ಲಿ ಅದು ನನಗೆ ಕೇಳಿಸುತ್ತದೆ.

ಆ ಸ್ಟುಡಿಯೊದ ಬ್ಯಾಂಡಿನ ತಿರುಳು ನಾಲ್ಕು ಜನ. ಇಬ್ಬರು ಕರಿಯರು, ಇಬ್ಬರು ಬಿಳಿಯರು. ಬೀದಿಯಲ್ಲಿ ಒಂದೇ ಹೋಟೆಲಿನಲ್ಲಿ ಕೂತು ಉಣ್ಣುವುದೇ ಕಷ್ಟವಾಗಿದ್ದ ಊರು ಅದು. ಒಳಗೆ ಒಟ್ಟಿಗೆ ನುಡಿಸುತ್ತಿದ್ದರು. ಆಲ್ಬಂನ 11 ಹಾಡುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಂದು ಹಗಲು, ಒಂದು ರಾತ್ರಿಯಲ್ಲಿ ಮುಗಿದವು. ನಡುವೆ ವಾದ್ಯದವರು ಬೇರೆ ಕಡೆ ಕಾರ್ಯಕ್ರಮ ಕೊಟ್ಟು ಬಂದು ಮತ್ತೆ ಕೂತರು. ಆ ವಾದ್ಯದವರ ದುಡಿಮೆ ನಿಮಗೆ ಅರ್ಥವಾಗುತ್ತದೆ.

‘ಐ ಹ್ಯಾವ್ ಬೀನ್ ಲವಿಂಗ್ ಯು ಟೂ ಲಾಂಗ್’ ಹಾಡನ್ನು ಗಾಡಿ ಓಡಿಸುತ್ತಾ ಕೇಳಬೇಡಿ, ನಿಲ್ಲಿಸಿ ಕೇಳಿ. ಒಂದೊಂದು ಸಾಲಿಗೂ ಮುಂಚೆ ಓಟಿಸ್ ತಡೆಯುತ್ತಾರೆ. ಹೇಳಲೋ ಬೇಡವೋ ಅನ್ನುವ ಹಾಗೆ. 1967ರ ಡಿಸೆಂಬರಿನಲ್ಲಿ ವಿಮಾನ ಬಿದ್ದು ತೀರಿಕೊಂಡಾಗ ಅವರಿಗೆ 26 ವರ್ಷ.

ಪ್ರಶ್ನೆ: ನನ್ನ ಮಗ ಮೂರು ಹೊತ್ತೂ ಬ್ಲೂಸ್ ಅಂತ ಹಾಕಿಕೊಂಡಿರುತ್ತಾನೆ. ಎಲ್ಲ ಹಾಡೂ ಒಂದೇ ಥರ, ಬರೀ ಅಳು. ಹೇಳಿದ ಸಾಲನ್ನೇ ಮತ್ತೆ ಹೇಳುತ್ತಾರೆ. ಇದಕ್ಕಿಂತ ನಮ್ಮತ್ತೆ ರಾಗಿ ಬೀಸುವಾಗ ಹೇಳುತ್ತಿದ್ದ ‘ಮಳೆರಾಯ ನೀ ಬಂದು’ ಅಂತ ಶುರುವಾಗುವ ಪದವೇ ಚೆಂದವಿತ್ತು. ಇವನಿಗೆ ಇದರಲ್ಲಿ ಏನು ಸಿಗುತ್ತದೆ?
— ಗೃಹಿಣಿ, ಹಿರಿಯೂರು

ಉತ್ತರ: ತಾಯಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಉತ್ತರ ನಿಮ್ಮ ಮನೆಯಲ್ಲೇ ಇದೆ.

ನಮ್ಮ ಬೀಸುವ ಪದ ಮೂರು ಸಾಲಿನದು. ಹಾಡುವಾಗ ನಡುವಿನ ಸಾಲಿನ ತುಣುಕನ್ನು ಮತ್ತೆ ಎತ್ತಿಕೊಳ್ಳುತ್ತಾರೆ, ಅಲ್ವಾ? ಬ್ಲೂಸ್ ಕೂಡ ಹೆಚ್ಚಾಗಿ ಮೂರು ಸಾಲು. ಮೊದಲ ಸಾಲನ್ನು ಎರಡು ಸಲ ಹೇಳಿ, ಮೂರನೆಯದರಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ನಮ್ಮ ಮಾತಿನಲ್ಲಿ ಕಟ್ಟಿದರೆ ಹೀಗಿರುತ್ತದೆ:

ಮಳೆ ಬರಲಿಲ್ಲ, ಹತ್ತಿ ಗಿಡ ಒಣಗಿ ಹೋಯ್ತು
ಮಳೆ ಬರಲಿಲ್ಲ ನೋಡೇ, ಹತ್ತಿ ಗಿಡ ಒಣಗಿ ಹೋಯ್ತು
ಸಾಲದವ ಬಾಗಿಲಿಗೆ ಬಂದ, ಇದ್ದ ನಿದ್ದೆನೂ ಹೋಯ್ತು

ಎರಡನೇ ಸಲ ಹೇಳುವಾಗ ಹಾಡುವವರಿಗೆ ಮೂರನೇ ಸಾಲು ಹುಡುಕಲು ಹೊತ್ತು ಸಿಗುತ್ತದೆ. ಕೇಳುವವರೂ ಕಾಯುತ್ತಾರೆ. ಒಂದೊಂದು ಸಾಲಿಗೂ ತಾಳದ ನಾಲ್ಕು ಆವರ್ತ, ಒಟ್ಟು ಹನ್ನೆರಡು. ಬೀಸುವ ಕಲ್ಲು ಸುತ್ತು ಹಾಕಿದ ಹಾಗೆ ಅದು ಸುತ್ತುತ್ತಲೇ ಇರುತ್ತದೆ. ಅದಕ್ಕೇ ಎಲ್ಲವೂ ಒಂದೇ ಥರ ಕೇಳುತ್ತದೆ. ಕಲ್ಲು ಒಂದೇ, ಹಾಕುವ ಕಾಳು ಬೇರೆ.

ಹತ್ತಿ ಎಂದು ಸುಮ್ನೆ ಹೇಳಲಿಲ್ಲ. ನಮ್ಮಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದರು. ಪಾಳಿ ಮುಗಿಸಿ ಬಂದರೆ ತಲೆಯಲ್ಲಿ, ಹುಬ್ಬಿನಲ್ಲಿ ಅರಳೆ ಅಂಟಿರುತ್ತಿತ್ತು. ಅಮ್ಮ ಅದನ್ನು ಬಿಡಿಸುತ್ತಾ ಏನೋ ಗುನುಗುತ್ತಿದ್ದರು. ಬ್ಲೂಸ್ ಹುಟ್ಟಿದ್ದು ಅಮೆರಿಕದ ತೆಂಕಣದ ಹತ್ತಿ ಹೊಲಗಳಲ್ಲಿ ದುಡಿದ ಕರಿಯರ ಬಾಯಲ್ಲಿ. ಆಮೇಲೆ ಲಕ್ಷಾಂತರ ಜನ ಹೊಲ ಬಿಟ್ಟು ಶಿಕಾಗೊದಂಥ ಊರಿಗೆ ಗುಳೆ ಹೋದರು. ಊರಿನ ಗದ್ದಲದಲ್ಲಿ ಮರದ ಗಿಟಾರ್ ಕೇಳಿಸುತ್ತಿರಲಿಲ್ಲ. ಕರೆಂಟಿನ ಗಿಟಾರ್ ಹಿಡಿದರು.

ಬಿ.ಬಿ. ಕಿಂಗ್ ಅಂಥ ಹೊಲದಲ್ಲೇ ಹುಟ್ಟಿ, ಹತ್ತಿ ಬಿಡಿಸಿ, ಟ್ರ್ಯಾಕ್ಟರ್ ಓಡಿಸಿದವರು. ಮಗನಿಗೆ ಅವರ ‘ಲೈವ್ ಅಟ್ ದ ರೀಗಲ್’ ಹಾಕಲು ಹೇಳಿ. 1964ರ ನವೆಂಬರ್ 21ರಂದು ಶಿಕಾಗೊದ ರೀಗಲ್ ಥಿಯೇಟರಿನಲ್ಲಿ ಹಾಡಿದ್ದು, ಪ್ಲೇಟು ಬಂದಿದ್ದು 1965ರಲ್ಲಿ. ಅವರು ಹಾಡುವಾಗ ಗಿಟಾರ್ ಸುಮ್ಮನಿರುತ್ತದೆ. ಹಾಡು ನಿಂತ ಕೂಡಲೇ ಗಿಟಾರ್ ಮಾತಾಡುತ್ತದೆ. ಗೀಗೀ ಪದದಲ್ಲಿ ಮುಮ್ಮೇಳದವರು ನಿಲ್ಲಿಸಿದಾಗ ಹಿಮ್ಮೇಳದವರು ಎತ್ತಿಕೊಳ್ಳುತ್ತಾರಲ್ಲ, ಹಾಗೆ. ಕೆಳಗೆ ಕೂತ ಹೆಂಗಸರು ಕೂಗುವುದನ್ನು ಕೇಳಿ. ಅದು ಅಳು ಅಲ್ಲ ತಾಯಿ. ನಮ್ಮ ಮನಸ್ಸಿನದ್ದೇ ಹೇಳಿದ ಅನ್ನುವ ಸಂತೋಷ.

ಅದು ಜೋರು ಅನ್ನಿಸಿದರೆ ಮಿಸಿಸಿಪಿ ಜಾನ್ ಹರ್ಟ್ ಅವರ 1966ರ ‘ಟುಡೇ!’ ಹಾಕಿಸಿ. ಮೆತ್ತನೆಯ ದನಿ, ಒಂದೇ ಗಿಟಾರ್. 1928ರಲ್ಲಿ ಅವರು ಕೆಲವು ಹಾಡು ರೆಕಾರ್ಡ್ ಮಾಡಿದ್ದರು. ಪ್ಲೇಟು ಮಾರಾಟವಾಗಲಿಲ್ಲ. ಅವರು ಊರಿಗೆ ಹೋಗಿ ಕೃಷಿ ಮಾಡಿಕೊಂಡಿದ್ದರು. 35 ವರ್ಷ ಯಾರೂ ಕೇಳಲಿಲ್ಲ. ಒಂದು ಹಾಡಿನಲ್ಲಿ ‘ಅವಲಾನ್ ನನ್ನ ಊರು’ ಎಂಬ ಮಾತಿತ್ತು. ಆ ಒಂದು ಮಾತು ಹಿಡಿದು 1963ರಲ್ಲಿ ಹುಡುಗನೊಬ್ಬ ನಕ್ಷೆಯಲ್ಲಿ ಹುಡುಕಿಕೊಂಡು ಹೋದ. ಅವರು ಅಲ್ಲೇ ಇದ್ದರು. ಎಪ್ಪತ್ತರ ಹತ್ತಿರದ ಮುದುಕರು, ಬೆರಳು ಹಾಗೇ ನಡೆಯುತ್ತಿತ್ತು. ಆಮೇಲೆ ಮೂರು ವರ್ಷ ಮಾತ್ರ ಬದುಕಿದ್ದರು. ಈ ಆಲ್ಬಂ ಆ ಮೂರು ವರ್ಷದ ಫಲ.

ನಿಮ್ಮ ಪತ್ರದಲ್ಲಿ ಅತ್ತೆಯವರ ಪದದ ಮೊದಲ ಸಾಲು ಮಾತ್ರ ಇದೆ. ಉಳಿದ ಎರಡು ಸಾಲು ನೆನಪಿದ್ದರೆ ಬರೆದು ಕಳಿಸಿ. ಮಗನ ಮೊಬೈಲಿನಲ್ಲಿ ನೀವೇ ಹೇಳಿ ರೆಕಾರ್ಡ್ ಮಾಡಿಸಿದರೆ ಇನ್ನೂ ಒಳ್ಳೆಯದು. ಬೀಸುವ ಕಲ್ಲು ಮನೆಯಲ್ಲಿ ಇನ್ನೂ ಇದ್ದರೆ, ಪಕ್ಕದಲ್ಲಿ ಅದನ್ನೂ ತಿರುಗಿಸಿ.