ನಲವತ್ತು ಕಕ್ಷಿದಾರರಿಗೆ ಯಾವ ಸಾಫ್ಟ್‌ವೇರ್?

ಪ್ರಶ್ನೆ: ಕುಮಟಾದಲ್ಲಿ ತೆರಿಗೆ ಕಚೇರಿ ತೆರೆದಿದ್ದೇನೆ. ನಲವತ್ತು ಕಕ್ಷಿದಾರರಿದ್ದಾರೆ. ದುಬಾರಿ ಸಾಫ್ಟ್‌ವೇರ್ ಈಗಲೇ ಬೇಕಾ? ಕಾನೂನು ಹುಡುಕುವುದೆಲ್ಲಿ?

ಉತ್ತರ: ಅವಸರ ಬೇಡ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಪುಕ್ಕಟೆ ಸಿಗುವ ಆಫ್‌ಲೈನ್ ಯುಟಿಲಿಟಿ, ಅಂದರೆ ನಮ್ಮ ಕಂಪ್ಯೂಟರಿನಲ್ಲೇ ರಿಟರ್ನ್ ತುಂಬುವ ಸಾಫ್ಟ್‌ವೇರ್, ಸದ್ಯಕ್ಕೆ ಸಾಕು. ಕೆಲಸ ಜಾಸ್ತಿಯಾದ ಮೇಲೆ ಕೊಳ್ಳಿ.

ಕೊಳ್ಳುವ ಮುಂಚೆ ಡೆಮೊ ಕೇಳಿ, ನಮ್ಮ ಕಡೆಯದೇ ಒಂದು ಲೆಕ್ಕ ಹಾಕಿ ನೋಡಿ. ಅಡಿಕೆ ತೋಟದ ಜೊತೆ ಅಂಗಡಿಯೂ ಇರುವವರದ್ದು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಅದು 5,000 ರೂಪಾಯಿ ದಾಟಿ, ಅಂಗಡಿಯ ಆದಾಯವೂ ವಿನಾಯಿತಿ ಮಿತಿ ಮೀರಿದರೆ, ತೆರಿಗೆ ದರ ಗೊತ್ತುಮಾಡಲು ಎರಡನ್ನೂ ಕೂಡಿಸಬೇಕು ಅಲ್ವಾ? ಕೈಯಲ್ಲೂ ಲೆಕ್ಕ ಮಾಡಿ. ತಾಳೆಯಾಗದಿದ್ದರೆ ಆ ಸಾಫ್ಟ್‌ವೇರ್ ಬಿಟ್ಟುಬಿಡಿ.

ಶಿರಸಿಯಲ್ಲಿ ಒಂದು ಜುಲೈನಲ್ಲಿ ಮಳೆಗೆ ಎರಡು ದಿನ ನೆಟ್ ಹೋಯಿತು. ನನ್ನ ಫೈಲೆಲ್ಲ ಆನ್‌ಲೈನ್‌ನಲ್ಲೇ ಇತ್ತು. ಬಾಗಿಲಲ್ಲಿ ಜನ, ನಾನು ಸುಮ್ನೆ ಕೂತಿದ್ದೆ. ಅಂದಿನಿಂದ ಕಂಪ್ಯೂಟರಿನಲ್ಲೇ ನಡೆಯುವ ಸಾಫ್ಟ್‌ವೇರನ್ನೇ ಆರಿಸುತ್ತೇನೆ. ಬ್ಯಾಕಪ್ ಬೇರೆ ಡ್ರೈವಿನಲ್ಲಿ ಇಡುತ್ತೇನೆ.

ಕಾಯ್ದೆ, ಸುತ್ತೋಲೆಗಳಿಗೆ ಇಲಾಖೆಯ ಜಾಲತಾಣ, ತೀರ್ಪುಗಳಿಗೆ ಇಂಡಿಯನ್ ಕಾನೂನ್ ಎಂಬ ಜಾಲತಾಣ. ಹುಡುಕಲು ದುಡ್ಡು ಬೇಡ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ, ಅದಕ್ಕೂ ಮುಂಚಿನ ವರ್ಷಗಳಿಗೆ 1961ರದ್ದೇ. ಕಲಂ ಸಂಖ್ಯೆಗಳು ಬದಲಾಗಿವೆ. ಹಳೆಯ ತೀರ್ಪು ಬೇಕಾದರೆ ಹಳೆಯ ಸಂಖ್ಯೆಯನ್ನೇ ಹಾಕಿ ಹುಡುಕಿ.